ತೀವ್ರ ಅಡ್ಡಿಯ ಚೀಟಿ

ಯಾರೋ ಮೂರು ಸಲ ಬಾಗಿಲು ಬಡಿದರು. ಒಂದು ಕ್ಷಣ ತಡೆದು ಮತ್ತೆ ಮೂರು ಸಲ.

ಗಡಿಯಾರ ಬೆಳಗಿನ ಐದೂಕಾಲು ತೋರಿಸುತ್ತಿತ್ತು. ಅಕ್ಟೋಬರ್ ಕೊನೆಯ ಕತ್ತಲು ಕಿಟಕಿಗಳಿಗೆ ಡಾಂಬರು ಬಳಿದಂತೆ ಅಂಟಿಕೊಂಡಿತ್ತು. ಹೆಲ್ದುರ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಹೋಗಿ ಬಾಗಿಲು ತೆರೆದ. ಹೊರಗೆ ನೆರೆಮನೆಯ ಕಾಲ್ಯು ಲಾಟೀನು ಹಿಡಿದು ನಿಂತಿದ್ದ. ಅವನ ಹಿಂದೆ ಊರಿನ ಇನ್ನಿಬ್ಬರು ಹಿರಿಯರು ಸಾವಿನ ಮನೆಗೆ ಬಂದವರಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಚುಕ್ಕಾಣಿ ಕೋಲು ಕೊಟ್ಬಿಡು,” ಎಂದ ಕಾಲ್ಯು.

“ಯಾಕೆ?”

“ಕೊಡು ಮಾರಾಯ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮೊದ್ಲು ಕೂತ್ಕೋ, ನಿಂತ್ರೆ ಸುಸ್ತಾಗುತ್ತೆ.”

ಎಪ್ಪತ್ಮೂರು ವರ್ಷದ ಹೆಲ್ದುರ್ ಎಸ್ಟೋನಿಯಾದ ಕರಾವಳಿಯ ಮೆರಿಸಾರೆಯ ಊರದೋಣಿಗೆ ಇಪ್ಪತ್ತೊಂಬತ್ತು ವರ್ಷಗಳಿಂದ ಚುಕ್ಕಾಣಿಗಾರ. ಬೇರೆ ಯಾರೂ ಆ ಜಾಗದಲ್ಲಿ ಕೂರಬಾರದೆಂದು ಚುಕ್ಕಾಣಿಯ ಮರದ ಕೋಲನ್ನು ಬಿಚ್ಚಿ ತಂದು ಮಂಚದ ಕೆಳಗೆ ಇಟ್ಟುಕೊಳ್ಳುವುದು ಅವನ ರೂಢಿ. ಬರುವ ಶನಿವಾರ ದೋಣಿ ಕೊಲ್ಲಿ ದಾಟಿ ಫಿನ್ಲೆಂಡಿಗೆ ಹೋಗಬೇಕಿತ್ತು. ಇವತ್ತು ಗುರುವಾರ.

“ಹಾಪಲಾಹ್ತಿಯಿಂದ ರಾತ್ರಿ ಫಲಿತಾಂಶ ಬಂತು,” ಎಂದ ಕಾಲ್ಯು. “ಸೋತ್ವಿ. ಅವರಲ್ಲಿ ತೀವ್ರ ಅಡ್ಡಿ ಒಂದೂ ಇಲ್ಲ. ನಮ್ಮಲ್ಲಿ ಒಂದು.”

“ಅದಕ್ಕೂ ನನ್ನ ಕೋಲಿಗೂ ಏನೋ ಸಂಬಂಧ?”

ಕಾಲ್ಯು ಲಾಟೀನನ್ನು ಎತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಿಂದಿದ್ದವರಲ್ಲೊಬ್ಬ ಮೂಗು ಒರೆಸಿಕೊಂಡ.

ಇದಕ್ಕೆಲ್ಲ ಕಾರಣ ಪತ್ರಿಕೆಯಲ್ಲಿ ಬಂದಿದ್ದ ಒಂದು ಪಟ್ಟಿ. ಯುರೋಪಿನ ಯಾವ ದೇಶದವರು ಕೈಕಾಲಿಗೆ ಅಡ್ಡಿಯಿಲ್ಲದೆ ಎಷ್ಟು ವರ್ಷ ಬದುಕುತ್ತಾರೆ ಎಂಬುದನ್ನು ಅದರಲ್ಲಿ ಗೆರೆ ಎಳೆದು ತೋರಿಸಿದ್ದರು. ಎಸ್ಟೋನಿಯಾದ ಗೆರೆ ತಳದಲ್ಲಿ ತೆವಳುತ್ತಿತ್ತು. ಊರಿನ ಹಿರಿಯರಿಗೆ ಅದು ಸಹಿಸಲಾಗದ ಅವಮಾನವಾಯಿತು. ಇಡೀ ಲೆಕ್ಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ ಎಂದು ಗ್ರಂಥಾಲಯದ ಪಿರೆತ್ ತಿಳಿಸಿದಳು: ಆರೋಗ್ಯದ ತೊಂದರೆಯಿಂದಾಗಿ, ಕನಿಷ್ಠ ಕಳೆದ ಆರು ತಿಂಗಳಿಂದ, ಜನ ಸಾಮಾನ್ಯವಾಗಿ ಮಾಡುವ ಕೆಲಸಗಳಲ್ಲಿ ನಿಮಗೆ ಎಷ್ಟು ಅಡ್ಡಿಯಾಗಿದೆ? ತೀವ್ರವಾಗಿ, ಇದೆ ಆದರೆ ತೀವ್ರವಲ್ಲ, ಏನೂ ಇಲ್ಲ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಅಷ್ಟೇ ತಾನೇ ಎಂದುಕೊಂಡ ಹಿರಿಯರು ಎದುರು ದಡದ ಫಿನ್ಲೆಂಡಿನಲ್ಲಿದ್ದ ಗೆಳೆಯರ ಊರಾದ ಹಾಪಲಾಹ್ತಿಗೆ ಪಂದ್ಯ ಕಟ್ಟಿದರು. ಎರಡೂ ಊರುಗಳಲ್ಲಿ ಅರವತ್ತೈದು ದಾಟಿದ ತಲಾ ಇಪ್ಪತ್ತೆಂಟು ಜನ, ಅದೇ ಪ್ರಶ್ನೆ, ಹೆಸರಿಲ್ಲದ ಚೀಟಿ. ಮೋಸವಾಗದಂತೆ ಒಂದು ಊರಿನ ಚೀಟಿಗಳನ್ನು ಇನ್ನೊಂದು ಊರಿನವರು ಎಣಿಸಬೇಕು. ತೀವ್ರ ಅಡ್ಡಿ ಹೆಚ್ಚಿದ್ದ ಊರು ಗೆದ್ದ ಊರಿಗೆ ಒಂದು ಪೀಪಾಯಿ ಹೊಗೆಮೀನು ಹೊತ್ತು ತರಬೇಕು.

“ಸೆಪ್ಟೆಂಬರಲ್ಲಿ ನೀನು ಬಂದರಿನ ದಾರೀಲಿ ಅರ್ಧಕ್ಕೇ ಕೂತಿದ್ದನ್ನ ನಾನೇ ನೋಡಿದೀನಿ,” ಎಂದ ಕಾಲ್ಯು.

“ಬೂಟಿನೊಳಗೆ ಕಲ್ಲು ಸೇರಿತ್ತು ಕಣೋ.”

“ಎಲ್ರೂ ಹಾಗೇ ಹೇಳೋದು. ತೀವ್ರ ಅಡ್ಡಿ ಇರೋನ ಕೈಗೆ ಹದಿನಾಲ್ಕು ಜನರ ಜೀವ ಕೊಡಕ್ಕಾಗಲ್ಲ. ಸಂಜೆ ಆರಕ್ಕೆ ಗ್ರಂಥಾಲಯದಲ್ಲಿ ಸಭೆ ಇದೆ. ಕೋಲು ತಗೊಂಡು ಬಾ.”

“ಕೋಲೂ ಬರುತ್ತೆ, ಆ ಚೀಟಿ ಬರೆದೋನ ಹೆಸರೂ ಬರುತ್ತೆ,” ಎಂದು ಹೆಲ್ದುರ್ ಬಾಗಿಲು ಹಾಕಿದ. ಆಮೇಲೆ ಇನ್ನೊಂದು ಕಾಲಿಗೂ ಕಾಲುಚೀಲ ಏರಿಸಿದ. ಯುದ್ಧಕ್ಕೆ ಹೊರಡುವವನು ಅರೆಬರೆ ಸಜ್ಜಾಗಿರಬಾರದು.

ಒಂಬತ್ತು ಗಂಟೆಗೆ ಗ್ರಂಥಾಲಯದ ಬಾಗಿಲು ತೆರೆದಾಗ ಪಿರೆತ್‌ಗಿಂತ ಮೊದಲು ಒಳಗೆ ನುಗ್ಗಿದವನು ಅವನೇ.

“ಚೀಟಿಗಳೆಲ್ಲ ಆ ಕಡೆ ದಡದಲ್ಲಿವೆ ಹೆಲ್ದುರ್ ಮಾಮ,” ಎಂದಳು ಪಿರೆತ್. “ನಮಗೆ ಬಂದಿರೋದು ಬರೀ ಎಣಿಕೆ. ಗುಟ್ಟಿನ ಚೀಟಿ ತೋರ್ಸಿ ಅಂತ ಕೇಳೋದು ಸರಿಯಲ್ಲ.”

“ಕೇಳು. ನನ್ನ ಮರ್ಯಾದೆ ಪ್ರಶ್ನೆ.”

“ಕೇಳಿ ನೋಡ್ತೀನಿ. ಆದ್ರೆ ಒಂದು ಮಾತು. ಇದೇ ಕಾರಣಕ್ಕೇ ದೇಶದೇಶಗಳ ಗೆರೆ ಹಾಗೆ ಕುಣಿಯೋದು. ಒಂದು ಕಡೆಯೋರು ಮಂಡಿ ಕಟಕ್ ಅಂದ್ರೂ ತೀವ್ರ ಅಂತಾರೆ. ಇನ್ನೊಂದು ಕಡೆಯೋರು ಕಾಲೇ ಮುರಿದಿದ್ರೂ ಪರವಾಗಿಲ್ಲ ಅಂತಾರೆ. ಚೀಟಿ ನೋಡಿ ಮೈ ಹೇಗಿದೆ ಅಂತ ಹೇಳಕ್ಕಾಗಲ್ಲ.”

ಹೆಲ್ದುರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಮೆರಿಸಾರೆಯಲ್ಲಿ ಯಾರಾದರೂ ಪರವಾಗಿಲ್ಲ ಎಂದರೆ ಸಾವು ಹತ್ತಿರ ಬಂತೆಂದು ಮನೆಯವರು ಪಾದ್ರಿಗೆ ಹೇಳಿಕಳಿಸುತ್ತಿದ್ದರು. ಅಂಥ ಊರಿನಲ್ಲಿ ತೀವ್ರ ಎಂದು ಬರೆದವನು ಒಂದೋ ಹೇಡಿಯಾಗಿರಬೇಕು, ಇಲ್ಲವೇ ತನ್ನನ್ನು ಕೆಳಗಿಳಿಸಲು ಹೊಂಚುಹಾಕಿದ ಕಾಲ್ಯುವೇ ಆಗಿರಬೇಕು. ಅಪರಾಧಿ ಸಿಗುವವರೆಗೆ ತನ್ನ ಮೈಯೇ ತನಗೆ ಸಾಕ್ಷಿ ಎಂದು ನಿಶ್ಚಯಿಸಿ ಅವನು ಬಂದರಿಗೆ ನಡೆದ. ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ದೋಣಿಮನೆಯ ಮುಂದೆ ಹತ್ತು ಹನ್ನೆರಡು ಮಂದಿ ಕಾಫಿ ಫ್ಲಾಸ್ಕು, ರೈ ರೊಟ್ಟಿ ಸಮೇತ ಸೇರಿದ್ದರು.

ಹೊಗೆಮೀನಿನ ಪೀಪಾಯಿ ಅಲ್ಲೇ ನಿಂತಿತ್ತು.

“ಇದನ್ನ ಒಬ್ಬನೇ ಎತ್ತಿ ದೋಣಿಗೆ ಇಡ್ತೀನಿ. ನೋಡ್ಕೊಳ್ಳಿ,” ಎಂದ ಹೆಲ್ದುರ್.

“ಬೇಡ ಕಣೋ. ಅದರಲ್ಲಿ ಅರವತ್ತು ಕಿಲೋ ಮೀನಿದೆ,” ಎಂದ ಕಾಲ್ಯು. ಬೇಡ ಎನ್ನುತ್ತಲೇ ಅವನು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಟ್ಟ.

ಹೆಲ್ದುರ್ ಬಗ್ಗಿ, ಪೀಪಾಯಿಯನ್ನು ತಬ್ಬಿ, ಎತ್ತಿದ. ಎತ್ತಿದ್ದೂ ನಿಜ, ನಾಲ್ಕು ಹೆಜ್ಜೆ ನಡೆದು ದೋಣಿಯೊಳಗೆ ಇಟ್ಟದ್ದೂ ನಿಜ. ಆದರೆ ನೆಟ್ಟಗಾಗುವಾಗ ಸೊಂಟದಲ್ಲಿ ಒಣಕಡ್ಡಿ ಮುರಿದಂಥ ಸದ್ದಾಯಿತು. ಅಲ್ಲಿಂದ ಮುಂದೆ ಅವನಿಗೆ ಮುಂದಕ್ಕೆ ಬಗ್ಗಲಾಗಲಿಲ್ಲ, ಪಕ್ಕಕ್ಕೆ ತಿರುಗಲೂ ಆಗಲಿಲ್ಲ. ಕಂಬಕ್ಕೆ ಕೋಟು ತೊಡಿಸಿದಂತೆ ನಿಂತು ಮುಗುಳ್ನಕ್ಕ.

“ಏನು ಠೀವಿ ಅಂತೀಯಾ,” ಎಂದಳೊಬ್ಬಳು ಮೆಚ್ಚಿಕೊಂಡು.

ಕಾಲ್ಯು ಮೆಚ್ಚಲಿಲ್ಲ. “ಎತ್ತೋದು ಒಂದು ನಿಮಿಷದ ಕೆಲಸ. ಕೊಲ್ಲಿ ದಾಟೋದು ಆರು ಗಂಟೆ. ದಮ್ಮು ಬೇಡ್ವಾ?”

“ದಮ್ಮು ತಾನೇ?” ಹೆಲ್ದುರ್ ಸಮುದ್ರದ ಕಡೆ ಕೈ ಚಾಚಿದ. ದಡದಿಂದ ಇನ್ನೂರು ಮೀಟರ್ ಆಚೆ ನೀರಿನ ನಡುವೆ ಬಿಷಪ್ ಬಂಡೆ ಬೋಳುತಲೆ ಎತ್ತಿಕೊಂಡಿತ್ತು. “ಅಲ್ಲಿಗೆ ಈಜಿ ವಾಪಸ್ ಬರ್ತೀನಿ.”

ಯಾರೂ ತಡೆಯಲಿಲ್ಲ. ಬಗ್ಗಲಾಗದ ಅವನ ಬೂಟುಗಳನ್ನು ಕಾಲ್ಯುವೇ ಮುಂದೆ ಬಂದು ಎಳೆದುಕೊಟ್ಟ. ಇಷ್ಟು ವರ್ಷಗಳ ನೆರೆಹೊರೆಯಲ್ಲಿ ಅವನು ಮಾಡಿದ ಮೊದಲ ಉಪಕಾರ ಅದು.

ನೀರು ಏಳು ಡಿಗ್ರಿ ಇತ್ತು. ಮೊದಲ ಐವತ್ತು ಮೀಟರನ್ನು ಹೆಲ್ದುರ್ ಛಲದಿಂದ ದಾಟಿದ, ಮುಂದಿನ ಐವತ್ತನ್ನು ಕಾಲ್ಯುವಿನ ಮುಖ ನೆನೆದು. ಉಳಿದ ನೂರನ್ನು ಹೇಗೆ ದಾಟಿದನೋ ಅವನಿಗೇ ಗೊತ್ತಿಲ್ಲ. ಬಂಡೆ ತಲುಪಿ ಅದನ್ನು ತಬ್ಬಿಕೊಂಡಾಗ ಬಲಗಾಲಿನ ಮೀನಖಂಡ ಕಲ್ಲಾಗಿತ್ತು. ಕೈ ಬಿಟ್ಟರೆ ಮುಳುಗುವುದು ಖಚಿತ. ಸಹಾಯಕ್ಕೆ ಕೂಗಿದರೆ ಶನಿವಾರದ ಚುಕ್ಕಾಣಿ ಹೋಯಿತು. ಅವನು ಕೂಗಲಿಲ್ಲ. ದಡದಲ್ಲಿದ್ದವರು ಕೈ ಬೀಸಿದಾಗ ತಾನೂ ಒಂದು ಬೆರಳು ಎತ್ತಿದ.

“ಏನೋ ಹೆಲ್ದುರ್, ಇಲ್ಲೇನು ಮಾಡ್ತಿದೀಯ?”

ಬಂಡೆಯ ಆಚೆ ಬದಿಯಿಂದ ಉಣ್ಣೆಯ ಟೋಪಿಯೊಂದು ತೇಲಿಬಂತು. ಟೋಪಿಯ ಕೆಳಗೆ ಸಾಲ್ಮೆ ಟೀಚರ್ ಇದ್ದರು. ಎಂಬತ್ತಾರು ವರ್ಷದ ಅವರು ಊರಿನ ಅರ್ಧಕ್ಕರ್ಧ ಮುದುಕರಿಗೆ ಒಂದನೇ ತರಗತಿಯಲ್ಲಿ ಕಿವಿ ಹಿಂಡಿದವರು. ವರ್ಷದ ಎಲ್ಲ ದಿನವೂ ಸಮುದ್ರಕ್ಕಿಳಿದು ಈ ಬಂಡೆಗೆ ಸುತ್ತು ಹಾಕುವವರು.

“ಸುಮ್ನೆ, ಟೀಚರ್... ಗಾಳಿ ಸೇವನೆ.”

“ತುಟಿ ನೀಲಿಯಾಗಿದೆ. ಸುಳ್ಳು ಹೇಳ್ಬೇಡ.”

“ಒಂದು ಪಂದ್ಯ ಟೀಚರ್. ಆ ಚೀಟಿ ಇದೆಯಲ್ಲ...”

“ನಿಮ್ಮ ಪಂದ್ಯದ ಪುರಾಣ ನನ್ನ ಹತ್ರ ತರಬೇಡಿ. ಕೇಳಿದ್ರು, ಬರೆದುಕೊಟ್ಟೆ, ಮುಗೀತು. ಮಲಗು ಅಂಗಾತ. ಕೈಕಾಲು ಆಡಿಸ್ಬೇಡ. ಒಂದನೇ ಕ್ಲಾಸಲ್ಲೂ ನೀನು ಹೀಗೇ ಮೊಂಡ.”

ಅವರು ಎಡಗೈಯಿಂದ ಅವನ ಗದ್ದ ಹಿಡಿದು, ಬಲಗೈಯಿಂದ ನೀರು ಸೀಳುತ್ತ ಹೊರಟರು. ಸಂತೆಯಿಂದ ಕುಂಬಳಕಾಯಿ ತರುವವರ ಮುಖದಲ್ಲಿ ಎಷ್ಟು ಆಯಾಸ ಕಂಡೀತೋ ಅಷ್ಟೇ ಅವರ ಮುಖದಲ್ಲಿ ಕಂಡಿತು. ದಡ ಮುಟ್ಟಿದ ಮೇಲೆ, “ಇವನ ದೆಸೆಯಿಂದ ನನ್ನ ಈಜು ಅರ್ಧಕ್ಕೇ ನಿಂತುಹೋಯ್ತು,” ಎಂದು ಎಲ್ಲರನ್ನೂ ಗದರಿ, ಮೈ ಒರೆಸಿಕೊಂಡು ಮನೆಗೆ ನಡೆದರು.

ಸಂಜೆ ಆರಕ್ಕೆ ಗ್ರಂಥಾಲಯದಲ್ಲಿ ಕೂರಲು ಜಾಗವಿರಲಿಲ್ಲ. ಹೆಲ್ದುರ್‌ಗೆ ಜಾಗವಿದ್ದರೂ ಕೂರಲಾಗುತ್ತಿರಲಿಲ್ಲ. ಮೂರು ಕಂಬಳಿ ಸುತ್ತಿ ಅವನನ್ನು ಪತ್ರಿಕೆಗಳ ಮೇಜಿನ ಮೇಲೆ ಮಲಗಿಸಿದ್ದರು. ಚುಕ್ಕಾಣಿ ಕೋಲು ಎದೆಯ ಮೇಲಿತ್ತು.

“ನಾನು ಆ ಚೀಟಿ ಬರೆದಿಲ್ಲ,” ಎಂದ ಅವನು ಸೂರು ನೋಡುತ್ತ. “ಏನೂ ಅಡ್ಡಿ ಇಲ್ಲ ಅಂತ ಬರೆದಿದ್ದೆ. ಈಗಲೂ ಅದನ್ನೇ ಬರೀತೀನಿ.”

“ಬರೆಯಕ್ಕೆ ಎದ್ದು ಕೂತ್ಕೋ ನೋಡೋಣ,” ಎಂದ ಕಾಲ್ಯು.

ಹೆಲ್ದುರ್ ಹಲ್ಲು ಕಚ್ಚಿ ಏಳಲು ನೋಡಿದ. ಮೇಜು ಕಿರುಗುಟ್ಟಿತು. ಅವನು ಏಳಲಿಲ್ಲ.

ಕಾಲ್ಯು ಗಂಟಲು ಸರಿಮಾಡಿಕೊಂಡು ಚುಕ್ಕಾಣಿಗೆ ತನ್ನ ಹೆಸರು ಸೂಚಿಸಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, “ಇವತ್ತು ಕಣ್ಣಾರೆ ನೋಡಿದ್ವಲ್ಲ, ಈ ಊರಲ್ಲಿ ಗಟ್ಟಿ ಇರೋದು ಸಾಲ್ಮೆ ಟೀಚರ್ ಒಬ್ರೇ,” ಎಂದರು. ಕೋಣೆ ತುಂಬ ಕೈಗಳು ಮೇಲೆದ್ದವು. ಕಾಲ್ಯುವಿನ ಕೈ ಕೊನೆಗೆ, ಬೆನ್ನು ತುರಿಸಿಕೊಳ್ಳಲು ಎತ್ತಿದಂತೆ ಎದ್ದಿತು.

ಮೂಲೆಯಲ್ಲಿ ಕೂತಿದ್ದ ಸಾಲ್ಮೆ ಹೆಣಿಗೆಯ ಕಡ್ಡಿಗಳನ್ನು ಚೀಲಕ್ಕೆ ಹಾಕಿ ಎದ್ದರು. “ಶನಿವಾರ ಏಳು ಗಂಟೆ. ತಡವಾಗಿ ಬಂದವರನ್ನ ಬಿಟ್ಟು ಹೋಗ್ತೀನಿ.” ಹೆಲ್ದುರ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಲನ್ನು ತೆಗೆದುಕೊಂಡು, ಹೆಗಲ ಮೇಲಿಟ್ಟು ಹೊರಟುಹೋದರು.

ಬಾಗಿಲು ಮುಚ್ಚಿದ ಮೇಲೆ ಹೆಲ್ದುರ್ ಸೂರಿಗೇ ಹೇಳಿದ: “ಕೋಲು ಹೋಯ್ತು, ಹೋಗ್ಲಿ. ಆ ಹೆಸರು ಗೊತ್ತಾಗೋವರೆಗೆ ಈ ಮೇಜು ಬಿಟ್ಟು ಏಳಲ್ಲ.” ಬಿಡಲು ಅವನಿಂದ ಆಗುತ್ತಲೂ ಇರಲಿಲ್ಲ.

ಪಿರೆತ್‌ಳ ಫೋನು ಸದ್ದು ಮಾಡಿತು.

“ಹಾಪಲಾಹ್ತಿಯೋರು,” ಎಂದಳು ಅವಳು. “ಚೀಟಿ ಗುಟ್ಟಾಗೇ ಇರಬೇಕಿತ್ತಂತೆ. ಆದ್ರೆ ಬರೆದೋರೇ ಕೆಳಗೆ ಹೆಸರು ಹಾಕಿದಾರೆ, ಅದಕ್ಕೇ ಫೋಟೋ ಕಳಿಸ್ತಿದೀವಿ ಅಂತಾರೆ.”

ಹೆಲ್ದುರ್ ಕತ್ತನ್ನಷ್ಟೇ ಕಾಲ್ಯುವಿನ ಕಡೆ ಹೊರಳಿಸಿದ. ಕಾಲ್ಯು ಹೆಲ್ದುರ್‌ನನ್ನು ನೋಡಿದ.

“‘ತೀವ್ರವಾಗಿ’ ಅನ್ನೋದಕ್ಕೆ ಗುರುತಿದೆ,” ಪಿರೆತ್ ಓದಿದಳು. “ಪಕ್ಕದಲ್ಲಿ ಕಾರಣ. ‘ಮಾರ್ಚ್ ತಿಂಗಳವರೆಗೆ ದಿನಕ್ಕೆ ಮೂರು ಸುತ್ತು ಆಗುತ್ತಿತ್ತು. ಈಗ ಎರಡಕ್ಕೇ ನಿಲ್ಲಿಸಬೇಕಾಗಿದೆ.’”

“ಮನೆ ಸುತ್ತ ನಡೆಯೋದಿರಬೇಕು, ಪಾಪ,” ಎಂದ ಕಾಲ್ಯು, ಮೇಜಿನ ಕಡೆ ಕನಿಕರದಿಂದ ನೋಡುತ್ತ. “ಹೆಸರು ಓದಮ್ಮ.”

ಪಿರೆತ್ ಫೋಟೋವನ್ನು ಬೆರಳಿನಿಂದ ಮೇಲೆ ಸರಿಸಿದಳು. ಮುಚ್ಚಿದ ಬಾಗಿಲಿನ ಕಡೆಗೊಮ್ಮೆ ನೋಡಿದಳು.

“ಸಾಲ್ಮೆ.”