ಬಾವಿಯಲ್ಲಿ ಎಮ್ಮೆ ಮತ್ತು ಸಾಹೇಬರು

ಕುಷ್ಟಗಿಯ ಆ ಸರ್ಕಾರಿ ಕಚೇರಿಯಲ್ಲಿ ಬಾವಿ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಆದರೂ ಗುಮಾಸ್ತ ಮಾರೆಪ್ಪ ಕೆಟ್ಟದ್ದು ಅವೆರಡರಿಂದಲೇ.

ಭಾಗ್ಯನಗರದ ಮನೆಯಿಂದ ಕುಷ್ಟಗಿಗೆ ಹನ್ನೊಂದು ವರ್ಷ ಬಸ್ಸಿನಲ್ಲಿ ಅಡ್ಡಾಡಿ ಅವನ ಸೊಂಟ ಸಡಿಲಾಗಿತ್ತು. ಈಗ ಭಾಗ್ಯನಗರದಲ್ಲೇ ಒಂದು ಕುರ್ಚಿ ಖಾಲಿಯಾಗಿತ್ತು. ಅದನ್ನು ಕೇಳಿದವರು ಇಬ್ಬರು: ಮಾರೆಪ್ಪ ಮತ್ತು ಪಕ್ಕದ ಟೇಬಲ್ಲಿನ ಹುಲಗೆಮ್ಮ. ಇಬ್ಬರ ಅರ್ಜಿಗಳೂ ಸಾಹೇಬರ ಮುಂದಿದ್ದವು. ಸಂಜೆಯೊಳಗೆ ಅವರು ಒಬ್ಬರನ್ನು ಅಲ್ಲಿಗೆ ಹೋಗಲು ಬಿಡುಗಡೆ ಮಾಡಬೇಕಿತ್ತು.

ಮಧ್ಯಾಹ್ನ ರೊಟ್ಟಿಗಂಟು ಬಿಚ್ಚಿದಾಗ ಹುಲಗೆಮ್ಮ ಹೊಸ ಆಟ ತೆಗೆದಳು. ಎರಡು ಸಂಗತಿ ಹೇಳುವುದು, ಅದರಲ್ಲಿ ಒಂದನ್ನು ಆರಿಸಲೇಬೇಕು, ಎರಡೂ ಬೇಡ ಅನ್ನುವಂತಿಲ್ಲ. ಜೀವನಪೂರ್ತಿ ಚಹಾ ಬಿಡುತ್ತೀಯೋ, ಮೊಬೈಲು ಬಿಡುತ್ತೀಯೋ ಎಂದು ಜೀಪಿನ ಚಾಲಕ ಜಿಲಾನಸಾಬನನ್ನು ಕೇಳಿದ್ದಕ್ಕೆ ಅವನು, "ಡ್ಯೂಟಿ ಬಿಡತೀನ್ರಿ, ನಡೀತೈತೇನು?" ಅಂದ.

ಮಾರೆಪ್ಪನ ಪಾಳಿ ಬಂತು.

"ಸಾಹೇಬ್ರೂ ಎಮ್ಮೀನೂ ಬಾವ್ಯಾಗ ಬಿದ್ದಾರ. ಒಬ್ರನ್ನಷ್ಟ ಎತ್ತಾಕ ಬರತೈತಿ. ಯಾರನ್ನ ಎತ್ತತೀರಿ, ಮಾರೆಪ್ಪಣ್ಣ?"

ಬಾಯಿತುಂಬ ರೊಟ್ಟಿ ಇದ್ದವನು ಯೋಚನೆಯನ್ನೇ ಮಾಡಲಿಲ್ಲ. "ಎಮ್ಮಿ. ಅದು ಹಾಲರೆ ಕೊಡತೈತಿ."

ಶೇಂಗಾ ಚಟ್ನಿ ನೆತ್ತಿಗೇರುವಷ್ಟು ಎಲ್ಲರೂ ನಕ್ಕರು.

ಆ ಕಚೇರಿಯಲ್ಲಿ ಕಾಗದವೊಂದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಲು ತಿಂಗಳು ಹಿಡಿಯುತ್ತದೆ. ಬಾಯಿಮಾತಿಗೆ ಅಂಥ ತಡೆ ಏನೂ ಇಲ್ಲ. ರೆಕಾರ್ಡ್ ರೂಮು ಮುಟ್ಟುವಷ್ಟರಲ್ಲಿ ಅದು "ಸಾಹೇಬ್ರು ಮುಳುಗಲಿ ಅಂದಾನಂತ" ಎಂದಾಯಿತು. ಚಹಾದಂಗಡಿಯಲ್ಲಿ "ಸಾಹೇಬ್ರು ಬಾವಿಗೆ ಬಿದ್ದಾರಂತ" ಎಂದಾಯಿತು. ನಾಲ್ಕು ಗಂಟೆಗೆ ಬೇವೂರಿನ ಗುತ್ತಿಗೆದಾರ ಕಾಳಪ್ಪ ದೊಡ್ಡದೊಂದು ಹೂವಿನ ಹಾರ ಹೊತ್ತು, ಮುಖ ಸಣ್ಣಗೆ ಮಾಡಿಕೊಂಡು ಬಂದಿಳಿದ. ಬಾಗಿಲಲ್ಲೇ ಸಾಹೇಬರು ನಿಂತಿದ್ದರು, ಜೀವಂತ! ಕಾಳಪ್ಪ ಕಕ್ಕಾಬಿಕ್ಕಿಯಾದರೂ ಹಾರವನ್ನು ದಂಡ ಮಾಡಲಿಲ್ಲ. ಅದನ್ನು ಅವರ ಕೊರಳಿಗೇ ಹಾಕಿ, "ಸುಮ್ನ ಅಭಿಮಾನಕ್ಕ ತಂದೆರಿ" ಅಂದ. ಹಾರ ಹಾಕಿದವರನ್ನು ಕಾರಣ ಕೇಳುವ ರೂಢಿ ಸಾಹೇಬರಿಗೂ ಇರಲಿಲ್ಲ.

ಮಾರೆಪ್ಪ ಮಾತ್ರ ಹುಲಗೆಮ್ಮನ ಟೇಬಲ್ಲಿಗೆ ಬಂದು ತಲೆ ಹಿಡಿದುಕೊಂಡ. "ನನ್ನ ಅರ್ಜಿ ಹೋತು, ಅಕ್ಕಾರ!"

"ಅಂಜಬ್ಯಾಡ್ರಿ," ಹುಲಗೆಮ್ಮ ಸಮಾಧಾನ ಮಾಡಿದಳು. "ಯಾರರೆ ಚಾಡಿ ಹೇಳೂದರೊಳಗ ನೀವ ಒಳಗ ಹೋಗ್ರಿ. ನಿಮ್ಮನ್ನ ಎತ್ತತೀನಿ ಅಂತ ಹೇಳಿಬಿಡ್ರಿ."

ಮಾರೆಪ್ಪ ಒಳಗೆ ಓಡಿದ. "ಸಾಹೇಬ್ರ, ಎಮ್ಮಿ ಹಾಳಾಗಿ ಹೋಗಲಿ! ನೀವು ಬಾವ್ಯಾಗ ಬಿದ್ರ ನಾ ನಿಮ್ಮ ಕೈ ಬಿಡಂಗಿಲ್ರಿ!"

ಸಾಹೇಬರ ಕಣ್ಣು ಒದ್ದೆಯಾದವು.

"ಓ, ಆ ಆಟ! ಮುಂಜಾನೆ ಹುಲಗೆಮ್ಮ ನನಗೂ ಹೇಳಿಕೊಟ್ಲು. ನೀ ಯಾರನ್ನ ಎತ್ತತಿ ಅಂತ ಕೇಳಿದ್ರ, ನನ್ನ ಮಾರಿ ಮುಂದ ನಿಂತು ಎಮ್ಮಿ ಅಂದ್ಲು! ನೀನೊಬ್ಬ ನೋಡು ಮನಶ್ಯಾ. ನೀ ನನ್ನ ಕೈ ಬಿಡಂಗಿಲ್ಲ ಅಂದಿ. ನಾನೂ ನಿನ್ನ ಬಿಡಂಗಿಲ್ಲ."

ಮಾರೆಪ್ಪನಿಗೆ ಭಾಗ್ಯನಗರದ ಕುರ್ಚಿ ಕಣ್ಣಿಗೆ ಕಟ್ಟಿತು. ಸಾಹೇಬರು ಪೆನ್ನು ತೆಗೆದು ಅವನ ಅರ್ಜಿಯ ಮೇಲೆ ಬರೆದರು: 'ನಿಷ್ಠಾವಂತ ನೌಕರ. ಬಿಡುಗಡೆ ಮಾಡಲಾಗದು.' ಹುಲಗೆಮ್ಮನ ಅರ್ಜಿಯ ಮೇಲೆ ಬರೆದದ್ದು ಇನ್ನೂ ಚಿಕ್ಕದು: 'ಇಂದೇ ಬಿಡುಗಡೆ.'

"ಸಾಹೇಬ್ರ! ನಾನೂ ಎಮ್ಮಿ ಅಂತನ ಅಂದಿದ್ದೆರಿ! ಬೇಕಾರ ಎಲ್ಲಾರ್ನೂ ಕೇಳ್ರಿ!"

ಸಾಹೇಬರು ಹಾರದ ಅಂಚಿನಿಂದಲೇ ಕಣ್ಣೊರೆಸಿಕೊಂಡರು. "ಅಕಿ ತಪ್ಪನ್ನೂ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತೀಯಲ್ಲೋ! ಇಂಥಾ ಮನಶ್ಯಾನ್ನ ಬಿಟ್ರ ನಾ ಖರೇನ ಬಾವಿಗೆ ಬಿದ್ದಂಗ."

ಹೊರಗೆ ಹುಲಗೆಮ್ಮ ಆಗಲೇ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಕಡೀ ಆಟ, ಅಣ್ಣಾರ," ಅಂದಳು. "ನನ್ನ ಟೇಬಲ್ಲಿನ ಫೈಲು ಇವತ್ತ ತಗೋತೀರೋ, ನಾಳೆ ತಗೋತೀರೋ? ಎರಡೂ ಬ್ಯಾಡ ಅನ್ನಂಗಿಲ್ಲ ಮತ್ತ."