ಉಪ್ಪಿಲ್ಲದ ಏಳು ತಿಂಗಳು

ಮೂಡಲಗಿಯ ಬೆಲ್ಲದ ವ್ಯಾಪಾರಿ ಬಸವಣ್ಣೆಪ್ಪ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿಯ ಅಡಿಗೆಗೆ ಒಮ್ಮೆಯೂ ಕೊಂಕು ತೆಗೆದು ಹೆಸರಿಟ್ಟವನಲ್ಲ (ಇಡುವ ಧೈರ್ಯವೂ ಇರಲಿಲ್ಲ). ಅಂಥವನು, ಎರಡನೆಯ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ, ತಾಟಿನ ಮುಂದೆ ಕೂತು ನಿಟ್ಟುಸಿರು ಬಿಡುವ ಹಾಗಾಯಿತು. ಅವನ ತಾಟಿನಿಂದ ಉಪ್ಪು ದೇಶಾಂತರ ಹೋಗಿತ್ತು.

ಆದದ್ದಿಷ್ಟು. ಬೆಳಿಗ್ಗೆ ಎದ್ದರೆ ಅವನ ಮುಖ ಬಾತಿರುತ್ತಿತ್ತು, ಸಂಜೆಗೆ ಕಾಲು. ಆಗೆಲ್ಲ ದೊಡ್ಡ ಜಡ್ಡಿಗೆ ಗೋಕಾಕಕ್ಕೇ ಹೋಗಬೇಕು. ಗೆಳೆಯ ದಾದೇಸಾಬನ ಟಾಂಗಾ ಹತ್ತಿ ಹೋದ. ಇಬ್ಬರೂ ಒಂದೇ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡಿ ಬೆಳೆದವರು. ಡಾಕ್ಟರು ಇವನ ಮೂತ್ರವನ್ನು ಗಾಜಿನ ನಳಿಗೆಗೆ ಸುರಿದು ಸ್ಪಿರಿಟ್ ದೀಪದ ಮೇಲೆ ಕಾಸಿದರು. ಮೇಲ್ಭಾಗ ಮೋಡ ಕವಿದ ಹಾಗೆ ಬೆಳ್ಳಗಾಯಿತು. ನಾಲ್ಕು ಹನಿ ಆಮ್ಲ ಬಿಟ್ಟರೂ ತಿಳಿಯಾಗಲಿಲ್ಲ.

“ಮೂತ್ರಪಿಂಡ ಅಂದ್ರ ಜರಡಿ ಇದ್ದಂಗ್ರಿ. ರಕ್ತದಾಗಿನ ಕಸಾ ಹೊರಗ ಹಾಕಿ ಸತ್ವ ಒಳಗ ಇಟ್ಕೋಬೇಕು. ನಿಮ್ಮ ಜರಡಿ ಸತ್ವಾನೂ ಸೋರಸಾಕತ್ತೈತಿ. ಇದಕ್ಕ ಅಲ್ಬುಮಿನ್ ಅಂತಾರ. ಕೋಳಿ ತತ್ತಿಯೊಳಗಿನ ಬಿಳಿ ಇರತೈತಲ್ಲ, ಅದರ ಜಾತೀದು,” ಎಂದರು ಡಾಕ್ಟರು. ಉಪ್ಪು ಬಂದ್, ಬಾರ್ಲಿ ನೀರು ಚಾಲೂ, ತಿಂಗಳಿಗೆ ಮತ್ತೆ ಬಾಟಲಿಯಲ್ಲಿ ಮೂತ್ರ ತರಬೇಕು ಎಂದು ಅಪ್ಪಣೆಯಾಯಿತು.

ಬಸವಣ್ಣೆಪ್ಪ ಮನೆಗೆ ಬಂದು ಇದನ್ನೆಲ್ಲ ಅಕ್ಷರ ಬಿಡದೆ ಒಪ್ಪಿಸಿದ. ಅದೇ ತಪ್ಪಾಯಿತು. ಇಡೀ ಭಾಷಣದಲ್ಲಿ ಹೆಂಡತಿ ಶೆಟ್ಟೆವ್ವನ ಕಿವಿಗೆ ಬಿದ್ದದ್ದು ತತ್ತಿ ಒಂದೇ. ಲಿಂಗಪೂಜೆಯ ಮನೆ, ಅಂಥ ಮಾತು ಆಡುವಂಥದ್ದೇ? ತತ್ತಿ ಎಲ್ಲಿ ತಿಂದಿರಿ ಎಂದು ಕೇಳಿದಳು. ತಿಂದದ್ದಲ್ಲ, ಅದು ಎಲ್ಲರ ರಕ್ತದಲ್ಲೂ ಇರುತ್ತದೆ ಎಂದ.

“ನನ್ನ ರಕ್ತದಾಗ ಇಲ್ಲ,” ಎಂದಳು ಶೆಟ್ಟೆವ್ವ.

ಮರುದಿನ ದಾದೇಸಾಬನ ಮನೆಗೇ ಹೋಗಿ ಅವನ ಹೆಂಡತಿ ಗೌಸಬಿಯ ಜಬಾನಿ ಹೇಳಿಕೆ ತೆಗೆದುಕೊಂಡಳು. ಚಹಾದ ಹೊರತು ಏನೂ ಕೊಟ್ಟಿಲ್ಲವೆಂದು ಗೌಸಬಿ ಆಣೆಯಿಟ್ಟ ಮೇಲೆ ಖಟ್ಲೆ ಮುಗಿಯಿತು, ಪಥ್ಯ ಬಿಗಿಯಾಯಿತು. ಈಗಿನವರು ನಂಬಲಿಕ್ಕಿಲ್ಲ, ಆ ಕಾಲದ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಗಳು ದೇವರ ಸಾಲಿನ ಹಾಗೆ ಕೂತಿರುತ್ತಿದ್ದವು. ಮಾವು, ನಿಂಬಿ, ನೆಲ್ಲಿ, ಕೆಂಪು ಮೆಣಸಿನಕಾಯಿ. ಅವೆಲ್ಲ ಬಾಜೂ ಮನೆಯ ಸಾತವ್ವನ ಅಟ್ಟ ಸೇರಿದವು. ವಾಸನೆ ಮಾತ್ರ ಗೋಡೆ ದಾಟಿ ಬಂದು ಬಸವಣ್ಣೆಪ್ಪನನ್ನು ಮಾತಾಡಿಸಿಕೊಂಡು ಹೋಗುತ್ತಿತ್ತು.

ತಿಂಗಳು ತುಂಬಿತು. ಮತ್ತೆ ಮೋಡ ಕವಿದರೆ ಇನ್ನೊಂದು ತಿಂಗಳು ಸಪ್ಪೆ ಎಂದು ಹೆದರಿದ ಬಸವಣ್ಣೆಪ್ಪ ಗೋಕಾಕದ ಹಾದಿಯಲ್ಲಿ ಒಂದು ಬೇವಿನ ಗಿಡದ ಹತ್ತಿರ ಟಾಂಗಾ ನಿಲ್ಲಿಸಿದ. ಗಾಡಿ ಸಿಕ್ಕಿಬಿದ್ದರೆ ಹೆಗಲು ಕೊಟ್ಟು ಎತ್ತುವ ಆಳು ದಾದೇಸಾಬ. ಇವನದಕ್ಕಿಂತ ಚೊಕ್ಕ ಜರಡಿ ಎಲ್ಲಿದ್ದೀತು? ತನ್ನ ಬಾಟಲಿ ಬರಿದು ಮಾಡಿ, ತೊಳೆದು, ಅವನ ಕೈಗಿಟ್ಟ. ದಾದೇಸಾಬ ಹೊಟ್ಟೆ ಹಿಡಿದುಕೊಂಡು ನಕ್ಕು, ಗಿಡದ ಮರೆಗೆ ಹೋಗಿ ಗೆಳೆತನದ ಋಣ ತೀರಿಸಿ ಬಂದ.

ಡಾಕ್ಟರು ಕಾಸಿದರು. ಈ ಸಲ ಮೋಡವಲ್ಲ, ಒಡೆದ ಹಾಲಿನ ಹಾಗೆ ಗರಣೆಗಟ್ಟಿತು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದರು: ಇಪ್ಪತ್ತೊಂದು ದಿನ ಹಾಸಿಗೆ ಬಿಟ್ಟು ಏಳಬಾರದು, ಹಾಲಿನ ಹೊರತು ಏನೂ ಕೂಡದು, ಅಲಕ್ಷ್ಯ ಮಾಡಿದರೆ ಜೀವಕ್ಕೇ ಅಪಾಯ.

ಬಸವಣ್ಣೆಪ್ಪನಿಗೆ ಮೊದಲು ನೆನಪಾದದ್ದು ಇಪ್ಪತ್ತೊಂದು ದಿನದ ಹಾಲು. ಆಮೇಲೆ ಕಿಡಕಿಯ ಆಚೆ ಕುದುರೆಗೆ ಹುಲ್ಲು ಹಾಕುತ್ತಿದ್ದ ದಾದೇಸಾಬ ಕಂಡ. ಅವನ ಕಣ್ಣಿನ ಕೆಳಗೆ ಚೀಲ ಕಟ್ಟಿದಂತಿತ್ತು. ಕಾಲು ಹಿಡಿಸದೆ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದ. ಒಂದು ತಿಂಗಳು ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿಕೊಂಡವನು ಇದನ್ನು ನೋಡಿರಲಿಲ್ಲ.

“ಅದು ನಂದಲ್ರಿ ಡಾಕ್ಟರ,” ಎಂದ. ಕಿಡಕಿಯ ಕಡೆ ಕೈ ತೋರಿಸಿದ. “ಅವಂದು.”

ಡಾಕ್ಟರು ಬೈಯಲಿಲ್ಲ. ದಾದೇಸಾಬನನ್ನು ಕರೆಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಒತ್ತಿದ ಕುಳಿ ಹಾಗೇ ಉಳಿಯಿತು. ನಿದ್ದೆ ಹೆಚ್ಚಾಗಿ ಬಾತಿದೆಯೆಂದು ತಿಳಿದಿದ್ದೆ ಎಂದು ದಾದೇಸಾಬ ನಾಚಿಕೊಂಡ. ಬಸವಣ್ಣೆಪ್ಪನದನ್ನೂ ಅಲ್ಲೇ ಹಿಡಿದು ಕಾಸಿದರೆ ಬಾವಿಯ ನೀರಿನಷ್ಟು ತಿಳಿ. ಇನ್ನು ನೀವು ಉಪ್ಪು ತಿನ್ನಬಹುದು ಎಂದರು. ಹೊರಳಿ ಬರುವಾಗ ದಾದೇಸಾಬ ಹಿಂದೆ ಮಲಗಿದ್ದ, ಲಗಾಮು ಬಸವಣ್ಣೆಪ್ಪನ ಕೈಯಲ್ಲಿತ್ತು.

ಇಪ್ಪತ್ತೊಂದು ದಿನ ಕಳೆದು ಬಾವು ಇಳಿಯತೊಡಗಿತು. ಹಾಲು ಬಿಟ್ಟು ಸಪ್ಪೆ ಊಟಕ್ಕೆ ಬಂದಾಗ ದಾದೇಸಾಬ ಎರಡು ದಿನ ತಾಟು ದೂಡಿದ. ಗೌಸಬಿ ಬಂದು ಶೆಟ್ಟೆವ್ವನ ಮುಂದೆ ಅತ್ತಳು. ಶೆಟ್ಟೆವ್ವ ಗಂಡನ ತಾಟಿಗೆ ಮರಳಿ ಬಂದಿದ್ದ ಉಪ್ಪಿನಕಾಯಿ ಎತ್ತಿ ಕೆಳಗಿಟ್ಟಳು.

“ನಿಮ್ಮದಂತ ಹೇಳಿ ಅವರದನ್ನ ಕೊಟ್ಟವರು ನೀವು. ಇನ್ನ ಅವರ ಪಥ್ಯಾನೂ ನಿಮ್ಮದಂತ ತಿಳಕೊಂಡು ಮಾಡ್ರಿ.”

ಡಾಕ್ಟರೇ ಬಿಟ್ಟಿದ್ದಾರೆಂದು ಬಸವಣ್ಣೆಪ್ಪ ಮೇಲ್ಮನವಿ ಸಲ್ಲಿಸಿದ. ವಜಾ ಆಯಿತು. ಅಂದಿನಿಂದ ಏಳು ತಿಂಗಳು ಗೆಳೆಯರಿಬ್ಬರೂ ಕಟ್ಟೆಯ ಮೇಲೆ ಎದುರುಬದುರು ಕೂತು, ತಮ್ಮ ತಮ್ಮ ಮನೆಯ ತಾಟಿನಿಂದ, ಸಪ್ಪೆ ಪಲ್ಯ ಸಪ್ಪೆ ರೊಟ್ಟಿ ಉಂಡರು. ಹಳೆಯ ಕುಸ್ತಿಗಳ ಸುದ್ದಿಯೇ ಅವರಿಗೆ ನಂಜಿಕೊಳ್ಳಲಿಕ್ಕೆ. ಹಾದು ಹೋಗುವವರೂ ನಿಂತು ಕೇಳುತ್ತಿದ್ದರು. ಅಷ್ಟು ನಗೆ ಆ ಓಣಿಯಲ್ಲಿ ಆಮೇಲೆ ಕೇಳಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಕೊನೆಗೆ ದಾದೇಸಾಬನಿಗೂ ಉಪ್ಪು ಬಿಟ್ಟರು. ಅಂದು ಶೆಟ್ಟೆವ್ವ ಮುಂಜಾನೆಯಿಂದ ಒಲೆಯ ಮುಂದೆ ಕೂತು ಎಣ್ಣೆಗಾಯಿ ಮಾಡಿ, ಭರಣಿಯೆಲ್ಲ ಹೊರಗೆ ತೆಗೆಸಿ ಬಡಿಸಿದಳು. ಬಸವಣ್ಣೆಪ್ಪ ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟ. ಅಗಿದ. ಮುಖ ಕಿವುಚಿತು.

“ಉಪ್ಪ ಭಾಳ ಆತಲ್ಲ,” ಎಂದ.

ಶೆಟ್ಟೆವ್ವ ಅವನ ತಾಟು ಎತ್ತಿಕೊಂಡು ಒಳಗೆ ಹೋದಳು.