ಏಳನೇ ನಂಬರ್ ಮನೆಯ ಕಿಂಡಿ ಗಾಜು

ಸಂಖ್ಯೆ: ವಸತಿ/ಸ್ನಾನ/ಕಿಂಡಿ/7/ಅತಿ ತುರ್ತು (ಮೂರನೇ ಜ್ಞಾಪನ)

ಸುತ್ತೋಲೆ

ವಿಷಯ: ಸಿಬ್ಬಂದಿ ವಸತಿಗೃಹಗಳ ಸ್ನಾನದ ಮನೆಗಳಲ್ಲಿ ಗ್ಯಾಸ್ ಗೀಸರ್ ಅಳವಡಿಕೆ, ಹಾಗೂ ಇಲಾಖೆಯ ಗಾಜಿಗೆ ಆಗಿರುವ ಹಾನಿ ಕುರಿತು.

ಉಲ್ಲೇಖ:
1. ಪಾರಿವಾಳ ನಿರ್ಬಂಧ ಆದೇಶ.
2. ಗೀಸರ್ ಮೆಕ್ಯಾನಿಕ್‌ನ ಬಾಯಿಮಾತಿನ ಎಚ್ಚರಿಕೆ (ಬಾಯಿಮಾತಾದ್ದರಿಂದ ಸ್ವೀಕೃತವಲ್ಲ).
3. ಏಳನೇ ನಂಬರ್ ಮನೆಯ ಬೆರಳಚ್ಚುಗಾರರ ವಿವರಣೆ (ಅತೃಪ್ತಿಕರ).

ಕಳೆದ ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಸದರಿ ಬೆರಳಚ್ಚುಗಾರರು ತಮ್ಮ ಸ್ನಾನದ ಮನೆಯ ಬಾಗಿಲ ಮೇಲಿನ ಕಿಂಡಿಯ ಗಾಜನ್ನು ಪೂರ್ವಾನುಮತಿ ಇಲ್ಲದೆ ಇಸ್ತ್ರಿ ಪೆಟ್ಟಿಗೆಯಿಂದ ಒಡೆದಿರುತ್ತಾರೆ. ಅದೇ ವೇಳೆಗೆ ಅವರ ಪತ್ನಿಯೂ ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದರೆಂದು ತಿಳಿದುಬಂದಿದೆ. ಪತ್ನಿ ಚೇತರಿಸಿಕೊಳ್ಳುತ್ತಿದ್ದಾರೆ. ಗಾಜು ಚೇತರಿಸಿಕೊಳ್ಳುವ ಲಕ್ಷಣಗಳಿಲ್ಲ. ಇದರಿಂದ ಇಲಾಖೆಗೆ ತೀವ್ರ ನೋವಾಗಿದ್ದು, ಕೆಳಕಂಡಂತೆ ಸೂಚಿಸಲಾಗಿದೆ.

1. ಎರಡು ವರ್ಷಗಳ ಹಿಂದೆ ವಸತಿಗೃಹಗಳ ತಪಾಸಣೆಯ ವೇಳೆ ಕಿಂಡಿಯಲ್ಲಿ ಕುಳಿತಿದ್ದ ಪಾರಿವಾಳವೊಂದು ಮೇಲಧಿಕಾರಿಗಳ ಭುಜದ ಮೇಲೆ ಅನುಚಿತವಾಗಿ ವರ್ತಿಸಿತ್ತು. ತತ್ಪರಿಣಾಮ ಹದಿನಾಲ್ಕೂ ಮನೆಗಳ ಕಿಂಡಿಗಳಿಗೆ ಗಾಜು ಕೂರಿಸಲಾಯಿತು. ಅಂದಿನಿಂದ ಪಾರಿವಾಳದ ದೂರು ಒಂದೂ ಬಂದಿರುವುದಿಲ್ಲ.

2. ತಪಾಸಣಾ ನಮೂನೆಯಲ್ಲಿರುವ ಪ್ರಶ್ನೆ "ಕಿಂಡಿ ಇದೆಯೇ?" ಎಂಬುದಷ್ಟೇ. ಹದಿನಾಲ್ಕೂ ಮನೆಗಳಲ್ಲಿ "ಇದೆ" ಎಂದು ಗುರುತು ಹಾಕಲಾಗಿದೆ. ಕಿಂಡಿಯಲ್ಲಿ ಗಾಳಿ ಆಡುತ್ತದೆಯೇ ಎಂಬುದಕ್ಕೆ ಕಾಲಂ ಇಲ್ಲ. ನಮೂನೆಗಳು ಇನ್ನೂ ಹನ್ನೊಂದು ವರ್ಷಗಳಿಗೆ ಸಾಕಾಗುವಷ್ಟು ಮುದ್ರಣಗೊಂಡಿರುವುದರಿಂದ ಅಲ್ಲಿಯವರೆಗೆ ಗಾಳಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.

3. ಉಲ್ಲೇಖ (2)ರ ಮೆಕ್ಯಾನಿಕ್ ವಿಚಾರಣೆಯಲ್ಲಿ ಹೀಗೆ ಹೇಳಿರುತ್ತಾನೆ: "ಉರಿಯೋ ಗ್ಯಾಸು ಸಾರ್ ಅದು, ಒಳಗಿರೋ ಗಾಳೀನೆಲ್ಲ ಅದೇ ಎಳ್ಕೊಂಡುಬಿಡತ್ತೆ. ವಿಷದ ಗಾಳಿ ತುಂಬ್ಕೊಂಡ್ರೆ ವಾಸನೆ ಕೂಡ ಬರಲ್ಲ. ಗೀಸರ್ ಹೊರಗೆ ವರಾಂಡದಲ್ಲಿ ಹಾಕ್ಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬಿಡ್ಸಿ, ಗಾಜು ತೆಗ್ಸಿ ಅಂತ ಹದಿನಾಲ್ಕು ಮನೇಲೂ ಬಾಯಿ ಬಡ್ಕೊಂಡೆ. ಸಾಹೇಬ್ರು ನಕ್ಷೇಲಿ ಒಳಗಿದೆ, ಒಳಗೇ ಹಾಕು ಅಂದ್ರು." ಈತ ನಕ್ಷೆಗೆ ಅಗೌರವ ತೋರಿರುವುದು ಸ್ಪಷ್ಟವಾಗಿದ್ದು, ಇನ್ನು ಮುಂದೆ ಇಲಾಖೆಯ ಯಾವುದೇ ಕೆಲಸವನ್ನು ಈತನಿಗೆ ವಹಿಸತಕ್ಕದ್ದಲ್ಲ.

4. ಬೆರಳಚ್ಚುಗಾರರ ವಿವರಣೆ ಇಂತಿದೆ: "ಒಳಗೆ ನೀರು ಸುರೀತಾನೇ ಇತ್ತು, ಇವಳ ಸದ್ದೇ ಇಲ್ಲ. ಕೂಗಿದೆ, ಬಾಗಿಲು ಬಡಿದೆ. ಕೈಗೆ ಇಸ್ತ್ರಿ ಪೆಟ್ಟಿಗೆ ಸಿಕ್ತು. ಸ್ಟೂಲ್ ಹತ್ತಿ ಗಾಜು ಒಡೆದು, ಕೈ ತೂರಿಸಿ ಮೇಲಿನ ಚಿಲಕ ತೆಗೆದೆ. ಇನ್ನೈದು ನಿಮಿಷ ತಡ ಆಗಿದ್ರೆ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು. ನಿಮ್ಮ ಮನೆಯವರಾಗಿದ್ರೆ ನೀವು ಗಾಜು ನೋಡ್ತಾ ನಿಂತಿರ್ತಿದ್ರಾ ಸಾರ್?" ಕೊನೆಯ ಪ್ರಶ್ನೆಯು ನಡತೆ ನಿಯಮಗಳ ಉಲ್ಲಂಘನೆಯಾಗಿದೆ. ಉತ್ತರಿಸುವ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

5. ಇನ್ನು ಮುಂದೆ ಸ್ನಾನ ಮಾಡುವವರು ತಮಗೆ ಪ್ರಜ್ಞೆ ಇದೆ ಎಂಬುದನ್ನು ಎರಡು ನಿಮಿಷಕ್ಕೊಮ್ಮೆ ಗಟ್ಟಿಯಾಗಿ ಘೋಷಿಸತಕ್ಕದ್ದು. ಮನೆಯವರಲ್ಲೊಬ್ಬರು ಬಾಗಿಲ ಬಳಿ ಕುಳಿತು ಅದನ್ನು ಪ್ರಜ್ಞಾ ವಹಿಯಲ್ಲಿ ದಾಖಲಿಸತಕ್ಕದ್ದು. ಒಂಟಿಯಾಗಿ ವಾಸಿಸುವವರು ಘೋಷಣೆಯನ್ನೂ ದಾಖಲೆಯನ್ನೂ ತಾವೇ ಮಾಡಿಕೊಳ್ಳುವುದು. ವಹಿ ಒದ್ದೆಯಾಗಬಾರದು.

6. ಹಾಡುವುದನ್ನು ಘೋಷಣೆಯೆಂದು ಪರಿಗಣಿಸಲಾಗುವುದಿಲ್ಲ. ಲೆಕ್ಕಪತ್ರ ಶಾಖೆಯ ಹಿರಿಯ ಗುಮಾಸ್ತರ ಹಾಡನ್ನು ನೆರೆಹೊರೆಯವರು ಎರಡು ಬಾರಿ ಪ್ರಾಣಾಪಾಯವೆಂದು ಭಾವಿಸಿ ಓಡಿ ಬಂದಿರುತ್ತಾರೆ.

7. ತಲೆ ಸುತ್ತಿದಲ್ಲಿ ಸ್ನಾನ ನಿಲ್ಲಿಸಿ, ಮೈ ಒರೆಸಿಕೊಂಡು, ನಮೂನೆ ನಾಲ್ಕರಲ್ಲಿ ದ್ವಿಪ್ರತಿ ಅರ್ಜಿ ಬರೆದು ಬಾಗಿಲ ಸಂದಿಯಿಂದ ಹೊರತಳ್ಳುವುದು. ಪ್ರಜ್ಞೆ ಪೂರ್ತಿ ತಪ್ಪಿದ ನಂತರ ಬಂದ ಅರ್ಜಿಗಳನ್ನು ತಡವಾದವೆಂದು ತಿರಸ್ಕರಿಸಲಾಗುವುದು.

8. ಬಾಗಿಲು, ಚಿಲಕ ಅಥವಾ ಗಾಜು ಒಡೆಯಬೇಕಾಗಿ ಬಂದಲ್ಲಿ ಮೂರು ಕೆಲಸದ ದಿನಗಳ ಮುಂಚೆ ನೋಟಿಸು ನೀಡತಕ್ಕದ್ದು. ಒಳಗಿರುವವರು ಅಲ್ಲಿಯವರೆಗೆ ಸಹಕರಿಸಬೇಕಾಗಿ ಕೋರಿದೆ.

9. ಗೀಸರ್‌ಗಳನ್ನು ಹೊರಗೆ ಸಾಗಿಸುವ ಪ್ರಸ್ತಾವವನ್ನು ಪರಿಶೀಲಿಸಲು ಉಪಸಮಿತಿ ರಚಿಸಲಾಗಿದೆ. ಸದಸ್ಯರೆಲ್ಲರ ಮನೆಗಳಲ್ಲೂ ಕರೆಂಟಿನ ಗೀಸರ್ ಇರುವುದರಿಂದ ವರದಿ ನಿಷ್ಪಕ್ಷಪಾತವಾಗಿರುತ್ತದೆ.

ಸಹಿ/-
(ಓದಲಾಗದು)
ವಸತಿ ಮತ್ತು ಕಿಂಡಿ ಶಾಖೆಯ ಪ್ರಭಾರ ಅಧಿಕಾರಿ

ಪ್ರತಿ:
1. ಮೇಲಧಿಕಾರಿಗಳಿಗೆ, ಸಾಂತ್ವನಕ್ಕಾಗಿ.
2. ಹದಿನಾಲ್ಕೂ ಮನೆಗಳ ನಿವಾಸಿಗಳಿಗೆ, ಚಾಚೂ ತಪ್ಪದೆ ಪಾಲಿಸಲು.
3. ಗಾಜಿನ ಕೆಲಸದವನಿಗೆ. ಹೊಸ ಗಾಜು ಬರುವುದು ತಡವಾಗುವುದರಿಂದ, ಅಲ್ಲಿಯವರೆಗೆ ಏಳನೇ ನಂಬರ್ ಮನೆಯ ಕಿಂಡಿಗೆ ಈ ಸುತ್ತೋಲೆಯ ಪ್ರತಿಗಳನ್ನೇ ನಾಲ್ಕೂ ಅಂಚಿನಲ್ಲಿ ಗಾಳಿ ನುಸುಳದಂತೆ ಅಂಟಿಸುವುದು. ಬೆರಳಚ್ಚುಗಾರರ ಪತ್ನಿ ನಾಳೆ ಬೆಳಿಗ್ಗೆ ಆಸ್ಪತ್ರೆಯಿಂದ ಮರಳಲಿದ್ದು, ಅವರು ಸ್ನಾನಕ್ಕೆ ಹೋಗುವಷ್ಟರಲ್ಲಿ ಕೆಲಸ ಮುಗಿದಿರತಕ್ಕದ್ದು.